ತುಕ್ಕು ಹಿಡಿಯದ ಉಕ್ಕು ಬಿರುಕು ಬಿಟ್ಟಾಗ

ನಮ್ಮ ಮನೆಗಳಲ್ಲಿ ಸ್ಟೀಲ್ ಪಾತ್ರೆ ಎಂದರೆ ಒಂದು ಭರವಸೆ. ಹಿತ್ತಾಳೆಗೆ ಕಲಾಯಿ ಹಾಕಿಸಬೇಕು, ಕಬ್ಬಿಣದ ಬಾಣಲೆಗೆ ಎಣ್ಣೆ ಸವರಿ ಇಡಬೇಕು, ಸ್ಟೀಲಿಗೆ ಇದಾವುದೂ ಬೇಡ. ಮದುವೆಯಲ್ಲಿ ಮುಯ್ಯಿ ಬಂದ ಕೊಳಗ ಮೂವತ್ತು ವರ್ಷ ಕಳೆದರೂ ಹೊಳೆಯುತ್ತಿರುತ್ತದೆ, ಅದರ ಮೇಲೆ ಕೊರೆಸಿದ ಹೆಸರಿನ ಸಮೇತ. ಒಳ್ಳೆಯ ಪಾತ್ರೆಯ ಈ ಉಕ್ಕಿನಲ್ಲಿ ಶೇಕಡಾ 18ರಷ್ಟು ಕ್ರೋಮಿಯಂ, 8ರಷ್ಟು ನಿಕ್ಕಲ್ ಇರುತ್ತದೆ. ಕಾರ್ಖಾನೆಯವರು ಇದನ್ನು 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಎನ್ನುತ್ತಾರೆ.

1960ರ ದಶಕದಲ್ಲಿ ತಾರಾಪುರದ ಅಣು ವಿದ್ಯುತ್ ಸ್ಥಾವರ ಕಟ್ಟುವಾಗ ರಿಯಾಕ್ಟರಿನ ನೀರು ಹರಿಯುವ ದೊಡ್ಡ ಕೊಳವೆಗಳಿಗೆ ಆರಿಸಿಕೊಂಡದ್ದೂ ಇದೇ ಜಾತಿಯ ಉಕ್ಕನ್ನು. ತುಕ್ಕು ಹಿಡಿಯದ ಉಕ್ಕು, ಅದರೊಳಗೆ ಹರಿಯುವುದು ಬಹುತೇಕ ಬಟ್ಟಿ ಇಳಿಸಿದಷ್ಟೇ ಶುದ್ಧವಾದ ನೀರು. ಇನ್ನೇನು ಚಿಂತೆ? ಆದರೆ 2020ರಲ್ಲಿ ತಾರಾಪುರದ ಮೊದಲ ಎರಡೂ ಘಟಕಗಳನ್ನು ನಿಲ್ಲಿಸಿ, ವರ್ಷಗಟ್ಟಲೆ ಹಿಡಿಯುವ ನವೀಕರಣಕ್ಕೆ ಕೈ ಹಾಕಬೇಕಾಯಿತು. ಅದರಲ್ಲಿ ಮುಖ್ಯವಾದದ್ದು ಆ ಕೊಳವೆಗಳನ್ನೇ ಬದಲಿಸುವ ಕೆಲಸ. ಕಾರಣ ತುಕ್ಕಲ್ಲ, ಬಿರುಕು.

ಪುಣೆಯಲ್ಲಿರುವ ನಮಗೆ ತಾರಾಪುರ ದೂರದ ಊರೇನಲ್ಲ. ಮುಂಬೈಯಿಂದ ಉತ್ತರಕ್ಕೆ ಸುಮಾರು ನೂರು ಕಿಲೋಮೀಟರ್, ಪಾಲ್ಘರ್ ಜಿಲ್ಲೆಯ ಕಡಲತೀರ. ಅಲ್ಲಿ ಹುಟ್ಟಿದ ವಿದ್ಯುತ್ತು ಸೇರುವುದು ನಮ್ಮ ಮನೆಗೂ ಕರೆಂಟು ಕೊಡುವ ಪಶ್ಚಿಮ ಗ್ರಿಡ್ಡಿಗೆ. ಊರ ಕಡೆ ನೋಡಿದರೆ ಉತ್ತರ ಕನ್ನಡದ ಕೈಗಾ ಇದೆ. ಅಣುಶಕ್ತಿ ಬೇಕೋ ಬೇಡವೋ ಎಂಬ ವಾದ ನಮ್ಮಲ್ಲಿ ಬೇಕಾದಷ್ಟು ನಡೆದಿದೆ. ಆದರೆ ಇರುವ ರಿಯಾಕ್ಟರುಗಳ ಕೊಳವೆಗಳು ಹೇಗೆ ಮುದಿಯಾಗುತ್ತವೆ, ಅದನ್ನು ಯಾರು ಹೇಗೆ ಪತ್ತೆ ಹಚ್ಚುತ್ತಾರೆ ಎಂಬ ಮಾತು ಬಹಳ ಕಡಿಮೆ. ಈ ಲೇಖನ ಅದರ ಬಗ್ಗೆ.

ಕುದಿಯುವ ನೀರಿನ ಮನೆ

ತಾರಾಪುರದ ಮೊದಲ ಎರಡು ಘಟಕಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ವಿನ್ಯಾಸ. 1963ರ ಭಾರತ-ಅಮೆರಿಕ ಒಪ್ಪಂದದ ಫಲವಾಗಿ ಬಂದವು. 1969ರ ಅಕ್ಟೋಬರ್ 28ರಂದು ಎರಡೂ ವಾಣಿಜ್ಯ ಉತ್ಪಾದನೆ ಆರಂಭಿಸಿದವು. ಭಾರತದ ಅಣು ವಿದ್ಯುತ್ತಿನ ಚರಿತ್ರೆ ಶುರುವಾದದ್ದೇ ಅಲ್ಲಿಂದ.

ಇವು ಕುದಿನೀರಿನ ರಿಯಾಕ್ಟರುಗಳು. ಅಂದರೆ ಯುರೇನಿಯಂ ಇಂಧನದ ನಡುವೆ ಹಾಯುವ ನೀರು ಅಲ್ಲಿಯೇ ಕುದಿದು, ಆ ಹಬೆಯೇ ಟರ್ಬೈನ್ ತಿರುಗಿಸುತ್ತದೆ. ನೀರಿನ ಉಷ್ಣತೆ ಸುಮಾರು 285 ಡಿಗ್ರಿ ಸೆಲ್ಸಿಯಸ್, ಒತ್ತಡ ನಾವು ಉಸಿರಾಡುವ ಗಾಳಿಯ ಒತ್ತಡದ ಸುಮಾರು ಎಪ್ಪತ್ತು ಪಟ್ಟು. ಹಬೆಯಾಗದೆ ಉಳಿದ ನೀರನ್ನು ದೊಡ್ಡ ಕೊಳವೆಗಳ ಮೂಲಕ ಹೊರಗೆಳೆದು, ಪಂಪು ಮಾಡಿ, ಮತ್ತೆ ತಳದಿಂದ ಒಳಗೆ ಕಳಿಸುತ್ತಾರೆ. ಇದಕ್ಕೆ ಮರುಸಂಚಲನ ವ್ಯವಸ್ಥೆ ಎನ್ನಬಹುದು. ಈ ಕೊಳವೆ ಒಡೆದರೆ ಇಂಧನವನ್ನು ತಣ್ಣಗಿಡುವ ನೀರೇ ಹೊರಗೆ ಹೋಗುತ್ತದೆ. ಅಂಥ ಹೊತ್ತಿಗೆಂದೇ ತುರ್ತು ನೀರಿನ ವ್ಯವಸ್ಥೆಗಳಿರುತ್ತವೆ, ನಿಜ. ಆದರೂ ಆ ಹೊತ್ತು ಬಾರದಂತೆ ನೋಡಿಕೊಳ್ಳುವುದೇ ಮೊದಲ ಕೆಲಸ.

ತಾರಾಪುರದ ವಿನ್ಯಾಸದಲ್ಲಿ ಇನ್ನೊಂದು ವಿಶೇಷವಿತ್ತು. ಮರುಸಂಚಲನದ ಬಿಸಿ ನೀರಿನಿಂದ ಇನ್ನಷ್ಟು ಹಬೆ ಮಾಡುವ ‘ದ್ವಿತೀಯ ಹಬೆ ಉತ್ಪಾದಕ’ಗಳು. ಅವುಗಳ ಒಳಗಿನ ಸಣ್ಣ ನಳಿಕೆಗಳು ಸೋರತೊಡಗಿ, 1980ರ ದಶಕದ ಮಧ್ಯದಲ್ಲಿ ಅವನ್ನು ಬಳಕೆಯಿಂದ ಬಿಡಬೇಕಾಯಿತು. ಹೀಗಾಗಿ ತಲಾ 210 ಮೆಗಾವ್ಯಾಟ್‌ನ ಘಟಕಗಳು 160 ಮೆಗಾವ್ಯಾಟ್‌ಗೆ ಇಳಿದವು. ಎರಡೂ ಸೇರಿ ನೂರು ಮೆಗಾವ್ಯಾಟ್ ಶಾಶ್ವತವಾಗಿ ಹೋಯಿತು.

ಮೂವರೂ ಸಾಧುಗಳೇ

ಸಾಮಾನ್ಯ ತುಕ್ಕು ಕಣ್ಣಿಗೆ ಕಾಣುತ್ತದೆ. ಗೇಟಿನ ಕಂಬಿ ಕೆಂಪಗಾಗುತ್ತದೆ, ಪದರ ಪದರವಾಗಿ ಉದುರುತ್ತದೆ, ನಾವು ಬಣ್ಣ ಬಳಿಯುತ್ತೇವೆ. ತಾರಾಪುರದ ಕೊಳವೆಗೆ ಬಂದ ಕಾಯಿಲೆ ಹಾಗಲ್ಲ. ಕೊಳವೆಯ ಗೋಡೆ ತೆಳುವಾಗುವುದಿಲ್ಲ, ಬಣ್ಣ ಕೆಡುವುದಿಲ್ಲ. ಒಳಮೈಯಲ್ಲಿ ಕೂದಲೆಳೆಗಿಂತ ಸಣ್ಣ ಸೀಳೊಂದು ಹುಟ್ಟಿ ಗೋಡೆಯ ಆಳಕ್ಕೆ ಇಳಿಯುತ್ತದೆ. ಇದಕ್ಕೆ ಇಂಗ್ಲಿಷಿನಲ್ಲಿ ಸ್ಟ್ರೆಸ್ ಕೊರೋಷನ್ ಕ್ರ್ಯಾಕಿಂಗ್ ಎಂದು ಹೆಸರು. ನಾವು ಸೆಳೆತ-ಸವೆತದ ಬಿರುಕು ಎಂದುಕೊಳ್ಳೋಣ. ಇದು ಹುಟ್ಟಲು ಮೂರು ಸಂಗತಿಗಳು ಒಂದೇ ಕಡೆ ಸೇರಬೇಕು: ಬಿರುಕಿಗೆ ಒಗ್ಗುವ ಉಕ್ಕು, ಅದನ್ನು ಕೆಣಕುವ ನೀರು, ಅದನ್ನು ಎಳೆಯುವ ಬಲ. ಒಂದನ್ನು ತೆಗೆದರೂ ಬಿರುಕಿಲ್ಲ.

ಮೊದಲು ಉಕ್ಕು. ಸ್ಟೇನ್‌ಲೆಸ್ ಸ್ಟೀಲ್ ತುಕ್ಕು ಹಿಡಿಯದಿರಲು ಕಾರಣ ಅದರ ಕ್ರೋಮಿಯಂ. ಗಾಳಿ ಅಥವಾ ನೀರು ತಾಗಿದ ಕೂಡಲೇ ಕ್ರೋಮಿಯಂ ಆಕ್ಸೈಡಿನ ತೀರ ತೆಳುವಾದ ಪೊರೆ ಮೇಲ್ಮೈಯನ್ನು ಮುಚ್ಚುತ್ತದೆ. ಗೀಚಿದರೂ ಮತ್ತೆ ಹುಟ್ಟಿಕೊಳ್ಳುತ್ತದೆ. ಇದಕ್ಕೆ ಕನಿಷ್ಠ ಶೇಕಡಾ 12ರ ಆಸುಪಾಸಿನಲ್ಲಿ ಕ್ರೋಮಿಯಂ ಬೇಕು. 304ರಲ್ಲಿ 18 ಇದೆ, ಧಾರಾಳವಾಯಿತು. ತೊಂದರೆ ಬರುವುದು ಬೆಸುಗೆ ಹಾಕುವಾಗ.

ಉಕ್ಕನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಜೋಳದ ತೆನೆಯಂತೆ ಕಾಳು ಕಾಳಾಗಿ ಕಾಣುತ್ತದೆ. ಬೆಸುಗೆಯ ಪಕ್ಕದ ಒಂದು ಪಟ್ಟಿ, ಕರಗುವಷ್ಟಲ್ಲದಿದ್ದರೂ, 500ರಿಂದ 800 ಡಿಗ್ರಿಯಷ್ಟು ಕಾಯುತ್ತದೆ. ಆ ಶಾಖದಲ್ಲಿ ಉಕ್ಕಿನಲ್ಲಿರುವ ಚೂರುಪಾರು ಇಂಗಾಲ ಕಾಳುಗಳ ಅಂಚಿಗೆ ಬಂದು ಅಲ್ಲಿನ ಕ್ರೋಮಿಯಂ ಜೊತೆ ಸೇರಿ ಕಾರ್ಬೈಡ್ ಆಗುತ್ತದೆ. ಇದರ ರಚನೆಯಲ್ಲಿ 6 ಇಂಗಾಲದ ಪರಮಾಣುಗಳಿಗೆ 23 ಕ್ರೋಮಿಯಂ ಪರಮಾಣುಗಳು. ತೂಕದಲ್ಲಿ ಹೇಳುವುದಾದರೆ ಒಂದು ಗ್ರಾಂ ಇಂಗಾಲ ಹದಿನಾರು ಗ್ರಾಂಗಿಂತ ಹೆಚ್ಚು ಕ್ರೋಮಿಯಂ ನುಂಗುತ್ತದೆ. ಒಟ್ಟು ಉಕ್ಕಿನಲ್ಲಿ 18 ಹಾಗೇ ಇರುತ್ತದೆ, ಆದರೆ ಕಾಳುಗಳ ಅಂಚಿನ ಸಣ್ಣ ಗೆರೆಯಲ್ಲಿ ಅದು 12ಕ್ಕಿಂತ ಕೆಳಗಿಳಿದಿರುತ್ತದೆ. ಹೊಲಕ್ಕೆಲ್ಲ ಬೇಲಿ ಇದೆ, ಬದುವಿನ ಮೂಲೆಯಲ್ಲೊಂದು ಕಿಂಡಿ.

ಎರಡನೆಯದು ನೀರು. ರಿಯಾಕ್ಟರಿನ ನೀರಿನಲ್ಲಿ ಲವಣವಿಲ್ಲ, ಕೊಳೆಯಿಲ್ಲ. ಆದರೆ ಇಂಧನದ ಬಳಿಯ ವಿಕಿರಣ ನೀರನ್ನೇ ಒಡೆಯುತ್ತದೆ. ಜಲಜನಕದ ಬಹುಪಾಲು ಹಬೆಯ ಜೊತೆ ಹೊರಟುಹೋಗುತ್ತದೆ. ಸ್ವಲ್ಪ ಆಮ್ಲಜನಕ, ಸ್ವಲ್ಪ ಹೈಡ್ರೋಜನ್ ಪೆರಾಕ್ಸೈಡ್ ನೀರಿನಲ್ಲಿ ಉಳಿಯುತ್ತವೆ. ಎಷ್ಟು ಆಮ್ಲಜನಕ? ಲೀಟರಿಗೆ ಸುಮಾರು 0.2 ಮಿಲಿಗ್ರಾಂ. ನಮ್ಮ ಹೊಳೆ ನೀರಿನಲ್ಲಿ ಲೀಟರಿಗೆ 8 ಮಿಲಿಗ್ರಾಂ ಆಮ್ಲಜನಕ ಕರಗಿರುವುದು ಸಾಮಾನ್ಯ. ಅದರ ನಲವತ್ತನೆಯ ಒಂದು ಪಾಲು. ಆದರೆ 285 ಡಿಗ್ರಿಯಲ್ಲಿ ಕ್ರೋಮಿಯಂ ಕಳೆದುಕೊಂಡ ಆ ಗೆರೆಯನ್ನು ಕೊರೆಯಲು ಅಷ್ಟೇ ಸಾಕು.

ಮೂರನೆಯದು ಸೆಳೆತ. ಒಳಗಿನ ಒತ್ತಡ ಗೋಡೆಯನ್ನು ಹಿಗ್ಗಿಸುವುದು ಒಂದು ಕಡೆ. ಅದಕ್ಕಿಂತ ಮುಖ್ಯವಾದದ್ದು ಬೆಸುಗೆಯೇ ಬಿಟ್ಟುಹೋದ ಬಿಗಿತ. ಕರಗಿದ ಲೋಹ ತಣ್ಣಗಾಗುವಾಗ ಕುಗ್ಗಲು ನೋಡುತ್ತದೆ, ಅಕ್ಕಪಕ್ಕದ ಗಟ್ಟಿ ಕೊಳವೆ ಬಿಡುವುದಿಲ್ಲ. ಆ ಎಳೆದಾಟ ಅಲ್ಲಿಯೇ ಹೆಪ್ಪುಗಟ್ಟಿ ಕೂರುತ್ತದೆ. ಸ್ಥಾವರ ಚಾಲೂ ಆಗುವ ಮೊದಲೇ ಕೊಳವೆ ತನ್ನನ್ನು ತಾನು ಎಳೆದುಕೊಂಡಿರುತ್ತದೆ.

ಒಂದೊಂದನ್ನೂ ಬೇರೆ ಬೇರೆಯಾಗಿ ಪರೀಕ್ಷೆಗೆ ಒಡ್ಡಿದರೆ ಮೂರೂ ಪಾಸು. ಉಕ್ಕಿನ ಪ್ರಮಾಣಪತ್ರ ಸರಿಯಿದೆ, ನೀರು ಶುದ್ಧವಿದೆ, ಬೆಸುಗೆಯಲ್ಲಿ ದೋಷವಿಲ್ಲ. ಸಾಫ್ಟ್‌ವೇರ್‌ನಲ್ಲಿ ಕೆಲಸ ಮಾಡುವ ನನ್ನಂಥವರಿಗೆ ಈ ಬಗೆ ಪರಿಚಿತವೇ. ಪ್ರತಿ ಭಾಗವೂ ತನ್ನಷ್ಟಕ್ಕೆ ಸರಿಯಾಗಿ ಓಡುತ್ತದೆ, ಮೂರು ಸಂದರ್ಭಗಳು ಒಂದೇ ಗಳಿಗೆಯಲ್ಲಿ ಕೂಡಿದಾಗ ಮಾತ್ರ ವ್ಯವಸ್ಥೆ ಬೀಳುತ್ತದೆ. ವ್ಯತ್ಯಾಸವೆಂದರೆ, ನಮ್ಮಲ್ಲಿ ಬಿದ್ದದ್ದು ತಕ್ಷಣ ತಿಳಿಯುತ್ತದೆ. ಉಕ್ಕಿನಲ್ಲಿ ಹತ್ತು ವರ್ಷ ಬಿಟ್ಟು ತಿಳಿಯಬಹುದು.

ಮಳೆಗಾಲದ ಕಾಯಿಲೆ

ಈ ಬಗೆಯ ಬಿರುಕನ್ನು ಮೊದಮೊದಲು ಜಗತ್ತು ಗಮನಿಸಿದ ಜಾಗಗಳಲ್ಲಿ ಭಾರತವೂ ಒಂದು ಎಂಬುದು ಕುತೂಹಲದ ಸಂಗತಿ. ಬ್ರಿಟಿಷ್ ಸೈನ್ಯದ ಹಿತ್ತಾಳೆಯ ತೋಟಾಗಳು ಇಲ್ಲಿನ ಮಳೆಗಾಲದಲ್ಲಿ ಇಟ್ಟಲ್ಲೇ ಸೀಳು ಬಿಡುತ್ತಿದ್ದವು. ಯಾರೂ ಹಾರಿಸಿಲ್ಲ, ಬೀಳಿಸಿಲ್ಲ, ಆದರೂ ಬಿರುಕು. ಋತುವಿಗೆ ತಕ್ಕಂತೆ ಬರುವುದರಿಂದ ‘ಸೀಸನ್ ಕ್ರ್ಯಾಕಿಂಗ್’ ಎಂದು ಕರೆದರು. 1921ರಲ್ಲಿ ಮೂರ್, ಬೆಕಿನ್‌ಸೇಲ್, ಮ್ಯಾಲಿನ್‌ಸನ್ ಎಂಬ ಮೂವರು ಇಂಗ್ಲೆಂಡಿನಲ್ಲಿ ಕಾರಣವನ್ನು ಬಿಡಿಸಿಟ್ಟರು. ಕುದುರೆ ಲಾಯದ ಬಳಿ ಗಾಳಿಯಲ್ಲಿರುವ ಅಮೋನಿಯಾ, ಮಳೆಗಾಲದ ತೇವ, ತೋಟಾ ತಯಾರಿಸುವಾಗ ಹಿತ್ತಾಳೆಯನ್ನು ಎಳೆದು ರೂಪ ಕೊಟ್ಟದ್ದರಿಂದ ಉಳಿದ ಬಿಗಿತ. ಇಲ್ಲಿಯೂ ಮತ್ತದೇ ಕೂಟ. ಪರಿಹಾರ ಸರಳವಾಗಿತ್ತು: ತಯಾರಾದ ಮೇಲೆ ಹದವಾಗಿ ಕಾಯಿಸಿ ಬಿಗಿತ ಇಳಿಸುವುದು.

ನಮ್ಮ ಪುಣೆಯ ಖಡ್ಕಿಯಲ್ಲಿರುವ ಮದ್ದುಗುಂಡು ಕಾರ್ಖಾನೆ 1869ರದ್ದು. ಅದರ ಮುಂದೆ ಹಾದುಹೋಗುವಾಗ ಒಮ್ಮೆ ಈ ತೋಟಾಗಳ ಕತೆ ನೆನಪಿಸಿಕೊಳ್ಳಬಹುದು. ಕುದುರೆ ಲಾಯದಿಂದ ರಿಯಾಕ್ಟರಿನವರೆಗೆ ಲೋಹ ಬದಲಾಗಿದೆ, ಲೆಕ್ಕ ಬದಲಾಗಿಲ್ಲ.

ಅಮೆರಿಕದಲ್ಲಿ ಕಂಡದ್ದು

ತಾರಾಪುರದ ವಯಸ್ಸಿನ ರಿಯಾಕ್ಟರುಗಳು ಅಮೆರಿಕದಲ್ಲಿ ಹಲವಿದ್ದವು. 1974ರಲ್ಲಿ ಇಲಿನಾಯ್ ರಾಜ್ಯದ ಡ್ರೆಸ್‌ಡೆನ್-2 ಘಟಕದಲ್ಲಿ ಮರುಸಂಚಲನಕ್ಕೆ ಸೇರಿದ ಸಣ್ಣ ಕೊಳವೆಗಳಲ್ಲಿ ಬಿರುಕು ಸಿಕ್ಕಿತು. ಬೇರೆ ಕಡೆಯೂ ಸಿಗತೊಡಗಿದಾಗ, 1975ರ ಆರಂಭದಲ್ಲಿ ಅಲ್ಲಿನ ನಿಯಂತ್ರಣ ಆಯೋಗ ಇಪ್ಪತ್ತಕ್ಕೂ ಹೆಚ್ಚು ಕುದಿನೀರಿನ ರಿಯಾಕ್ಟರುಗಳನ್ನು ನಿಲ್ಲಿಸಿ ಪರೀಕ್ಷಿಸಲು ಆದೇಶಿಸಿತು. ಆಗ ಅನೇಕರ ಸಮಾಧಾನ ಒಂದೇ ಆಗಿತ್ತು: ಇದು ಸಣ್ಣ ಕೊಳವೆಗಳ ಕಾಯಿಲೆ, ದೊಡ್ಡವಕ್ಕೆ ಬರುವುದಿಲ್ಲ.

1982ರಲ್ಲಿ ನ್ಯೂಯಾರ್ಕ್ ರಾಜ್ಯದ ನೈನ್ ಮೈಲ್ ಪಾಯಿಂಟ್-1ರಲ್ಲಿ ಆ ಸಮಾಧಾನ ಮುಗಿಯಿತು. ಇದು ತಾರಾಪುರದಂತೆಯೇ 1969ರಲ್ಲಿ ಚಾಲೂ ಆದ ಘಟಕ. ಅಲ್ಲಿ ಎಪ್ಪತ್ತು ಸೆಂಟಿಮೀಟರ್ ವ್ಯಾಸದ ಮುಖ್ಯ ಕೊಳವೆಗಳೇ ಬೆಸುಗೆಯ ಪಕ್ಕ ಬಿರುಕು ಬಿಟ್ಟಿದ್ದವು. ಇಡೀ ಮರುಸಂಚಲನ ಕೊಳವೆ ವ್ಯವಸ್ಥೆಯನ್ನೇ ಬದಲಿಸಿದರು.

ಅನಂತರ ಬಂದ ಪರಿಹಾರಗಳೆಲ್ಲ ಮೂರರಲ್ಲಿ ಒಂದನ್ನು ಕೂಟದಿಂದ ಹೊರಗಿಡುವ ಉಪಾಯಗಳೇ. ಉಕ್ಕಿನಲ್ಲಿ ಇಂಗಾಲವನ್ನು ಬಹಳ ಕಡಿಮೆ ಮಾಡಿದರು. 304 ಎಲ್, ‘ನ್ಯೂಕ್ಲಿಯರ್ ದರ್ಜೆ’ಯ 316 ಹೀಗೆ ಬಂದವು. ಇಂಗಾಲವೇ ಇಲ್ಲದಿದ್ದರೆ ಕ್ರೋಮಿಯಂ ಕದಿಯುವವರಿಲ್ಲ. ಬಿಗಿತ ಇಳಿಸಲು ಬೆಸುಗೆಯ ಜಾಗವನ್ನು ಹೊರಗಿನಿಂದ ಕಾಯಿಸುತ್ತ, ಒಳಗೆ ತಣ್ಣೀರು ಹರಿಸಿದರು. ಹಾಗೆ ಮಾಡಿದರೆ ಒಳಮೈಯ ಸೆಳೆತ ಅಮುಕುವಿಕೆಯಾಗಿ ತಿರುಗುತ್ತದೆ. ಬಿರುಕು ಬಿಟ್ಟ ಕಡೆ ಹೊರಗಿನಿಂದ ಬೆಸುಗೆಯ ದಪ್ಪ ಪಟ್ಟಿ ಸುತ್ತಿದರು. ನೀರಿಗೆ ಬೇಕೆಂದೇ ಜಲಜನಕ ಬೆರೆಸಿದರು. ಅದು ಆಮ್ಲಜನಕವನ್ನು ಮತ್ತೆ ನೀರಾಗಿಸುತ್ತದೆ. ಆದರೆ ಇದಕ್ಕೂ ಒಂದು ಬೆಲೆ ಇತ್ತು. ಹೆಚ್ಚು ಜಲಜನಕ ಬೆರೆಸಿದರೆ ವಿಕಿರಣಶೀಲ ಸಾರಜನಕ ಹಬೆಯೊಡನೆ ಹೆಚ್ಚಾಗಿ ಟರ್ಬೈನ್ ಕಡೆ ಹೋಗಿ, ಅಲ್ಲಿ ವಿಕಿರಣ ಏರುತ್ತದೆ. 1990ರ ದಶಕದಲ್ಲಿ ಪ್ಲಾಟಿನಂ ಜಾತಿಯ ಲೋಹವನ್ನು ಅತ್ಯಲ್ಪ ಪ್ರಮಾಣದಲ್ಲಿ ನೀರಿಗೆ ಸೇರಿಸಿ, ಕಡಿಮೆ ಜಲಜನಕದಲ್ಲೇ ಕೆಲಸ ಸಾಧಿಸುವ ದಾರಿ ಕಂಡುಕೊಂಡರು.

ತಾರಾಪುರದವರೂ ಸುಮ್ಮನೆ ಕೂತಿರಲಿಲ್ಲ. ತಪಾಸಣೆ, ಕೆಲವು ಕೊಳವೆಗಳ ಬದಲಾವಣೆ, 2005-06ರ ದೊಡ್ಡ ಸುರಕ್ಷತಾ ಸುಧಾರಣೆ, ಎಲ್ಲ ನಡೆದವು. ವಿದೇಶಿ ನೆರವು 1974ರ ಪೋಖರಣ್ ಸ್ಫೋಟದ ನಂತರ ಬತ್ತಿಹೋದ ಕಾಲದಲ್ಲಿ ಮಾಡಿದ ಕೆಲಸವೂ ಇದರಲ್ಲಿ ಸೇರಿದೆ. ಆದರೆ 1969ರ ಬೆಸುಗೆ 1969ರದ್ದೇ. ಕೊನೆಗೆ ಮುಖ್ಯ ಕೊಳವೆಗಳ ಸರದಿ ಬಂತು.

ಫ್ರಾನ್ಸಿನ ಆಶ್ಚರ್ಯ

ಇದೆಲ್ಲ ಹಳೆಯ ಉಕ್ಕು, ಹಳೆಯ ವಿನ್ಯಾಸದ ಕತೆ, ಈಗ ಮುಗಿದ ಅಧ್ಯಾಯ ಎಂದುಕೊಂಡರೆ ಫ್ರಾನ್ಸಿನತ್ತ ನೋಡಬೇಕು. 2021ರ ಕೊನೆಯಲ್ಲಿ ಸಿವೊ-1 ಎಂಬ ಘಟಕದಲ್ಲಿ ಹತ್ತು ವರ್ಷಕ್ಕೊಮ್ಮೆ ನಡೆಯುವ ತಪಾಸಣೆ ನಡೆದಿತ್ತು. ಇದು ಫ್ರಾನ್ಸಿನ ಹೊಸ, ದೊಡ್ಡ ರಿಯಾಕ್ಟರುಗಳ ಪೈಕಿ ಒಂದು. ಕುದಿನೀರಿನ ಬಗೆಯಲ್ಲ, ಇಲ್ಲಿ ನೀರನ್ನು ಕುದಿಯಲು ಬಿಡದೆ ಒತ್ತಡದಲ್ಲಿಡುತ್ತಾರೆ, ಅದರಲ್ಲಿ ಜಲಜನಕ ಮೊದಲೇ ಇರುತ್ತದೆ, ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ. ಉಕ್ಕು ಕೂಡ ಕಡಿಮೆ ಇಂಗಾಲದ್ದೇ. ಪುಸ್ತಕದ ಪ್ರಕಾರ ಇಲ್ಲಿ ಬಿರುಕು ಬರಬಾರದು.

ತಪಾಸಣೆಯವರು ಹುಡುಕುತ್ತಿದ್ದುದು ಬೇರೆ, ಬಿಸಿ-ತಂಪಿನ ಏರಿಳಿತದಿಂದ ಬರುವ ಬಳಲಿಕೆಯ ಬಿರುಕನ್ನು. ಸಿಕ್ಕಿದ್ದು ಸೆಳೆತ-ಸವೆತದ ಬಿರುಕು, ಅದೂ ತುರ್ತು ನೀರು ಹಾಯಿಸುವ ಕೊಳವೆಗಳ ಬೆಸುಗೆಯಲ್ಲಿ. ಹನ್ನೆರಡು ರಿಯಾಕ್ಟರುಗಳನ್ನು ಈ ಒಂದೇ ಕಾರಣಕ್ಕೆ ನಿಲ್ಲಿಸಿ ನೋಡಬೇಕಾಯಿತು. 2022ರಲ್ಲಿ ಫ್ರಾನ್ಸಿನ ಅಣು ವಿದ್ಯುತ್ ಉತ್ಪಾದನೆ ಮೂರು ದಶಕಗಳಲ್ಲೇ ಕನಿಷ್ಠಕ್ಕೆ ಇಳಿಯಿತು. ವಿದ್ಯುತ್ ಮಾರುತ್ತಿದ್ದ ದೇಶ ಆ ವರ್ಷ ಕೊಂಡುಕೊಂಡಿತು. ಉಕ್ರೇನ್ ಯುದ್ಧದಿಂದ ಅನಿಲದ ಬೆಲೆ ಏರಿದ್ದ ವರ್ಷವೂ ಅದೇ.

ಫ್ರಾನ್ಸಿನಲ್ಲೇ 1959ರಲ್ಲಿ ಆನ್ರಿ ಕೊರಿಯೂ ಎಂಬ ವಿಜ್ಞಾನಿ, ನಿಕ್ಕಲ್ ಹೆಚ್ಚಿರುವ ಮಿಶ್ರಲೋಹವೂ ಶುದ್ಧ ಬಿಸಿನೀರಿನಲ್ಲಿ ಬಿರುಕು ಬಿಡುತ್ತದೆ ಎಂದು ತೋರಿಸಿದ್ದರು. ಬಹುಕಾಲ ಹಲವರು ಒಪ್ಪಲಿಲ್ಲ. ಆ ಮಿಶ್ರಲೋಹದ ನಳಿಕೆಗಳನ್ನು ಜಗತ್ತಿನಾದ್ಯಂತ ರಿಯಾಕ್ಟರುಗಳಲ್ಲಿ ಹಾಕಿದರು, ಆಮೇಲೆ ದಶಕಗಳ ಕಾಲ ಬದಲಿಸುತ್ತ ಬಂದರು. ಅಮೆರಿಕದ ಡೇವಿಸ್-ಬೆಸ್ಸೆಯಲ್ಲಿ 2002ರಲ್ಲಿ ಇಂಥದೇ ಒಂದು ಬಿರುಕಿನಿಂದ ಜಿನುಗಿದ ಬೋರಿಕ್ ಆಮ್ಲದ ನೀರು ರಿಯಾಕ್ಟರಿನ ದಪ್ಪ ಮುಚ್ಚಳವನ್ನು ತಿಂದುಹಾಕಿತ್ತು. ಒಳಗಿನ ಒತ್ತಡವನ್ನು ತಡೆದು ನಿಂತದ್ದು ಒಂದು ಸೆಂಟಿಮೀಟರ್ ಆಸುಪಾಸಿನ ಸ್ಟೇನ್‌ಲೆಸ್ ಹೊದಿಕೆ ಮಾತ್ರ.

ಕೈಗಾದ ಕೊಳವೆಗಳು

ಕೈಗಾದಲ್ಲಿರುವುದು ಇವೆರಡೂ ಅಲ್ಲ, ಭಾರಜಲದ ರಿಯಾಕ್ಟರುಗಳು. ಕಾಳಿ ನದಿಯ ದಂಡೆಯಲ್ಲಿ ತಲಾ 220 ಮೆಗಾವ್ಯಾಟ್‌ನ ನಾಲ್ಕು ಘಟಕಗಳು. ಪ್ರತಿ ಘಟಕದಲ್ಲಿ ಇಂಧನವಿರುವ 306 ಅಡ್ಡ ನಾಳಗಳು. ಒಂದೊಂದಕ್ಕೂ ನೀರು ತರುವ ಒಂದು, ಒಯ್ಯುವ ಒಂದು ಕೊಳವೆ. ಅಂದರೆ 612 ಕೊಳವೆಗಳ ಗೊಂಚಲು. ಇವು ಸ್ಟೇನ್‌ಲೆಸ್ ಅಲ್ಲ, ಸಾಧಾರಣ ಇಂಗಾಲದ ಉಕ್ಕು. ಇಲ್ಲಿನ ಮುಖ್ಯ ಚಿಂತೆ ಬೇರೆ. ಬಿಸಿನೀರು ರಭಸದಿಂದ ತಿರುವುಗಳಲ್ಲಿ ಹಾಯುವಾಗ ಉಕ್ಕಿನ ಮೇಲಿನ ರಕ್ಷಣೆಯ ಪೊರೆ ಕರಗುತ್ತ ಹೋಗಿ ಗೋಡೆ ತೆಳುವಾಗುತ್ತದೆ. ಉಕ್ಕಿನಲ್ಲಿ ಶೇಕಡಾ 0.2ರಷ್ಟು ಕ್ರೋಮಿಯಂ ಇದ್ದರೂ ಈ ಸವೆತ ಬಹಳ ಕಡಿಮೆಯಾಗುತ್ತದೆ ಎಂಬುದು ನಂತರ ತಿಳಿಯಿತು. ದೇಶದ ಹಳೆಯ ಭಾರಜಲ ಘಟಕಗಳಲ್ಲಿ, ರಾಜಸ್ಥಾನದ ಎರಡನೇ ಘಟಕ ಸೇರಿದಂತೆ, ಈ ಕೊಳವೆಗಳನ್ನು ಸಾರಾಸಗಟಾಗಿ ಬದಲಿಸಿದ್ದಾರೆ.

ಈ ಸವೆತವನ್ನು ಹಗುರವಾಗಿ ಕಾಣಬಾರದು ಎಂಬುದಕ್ಕೆ ಜಪಾನಿನ ಮಿಹಾಮಾ-3 ಸಾಕ್ಷಿ. 2004ರ ಆಗಸ್ಟ್ 9ರಂದು ಅಲ್ಲಿ ಟರ್ಬೈನ್ ಕಡೆಯ ಕೊಳವೆಯೊಂದು ಒಡೆದು, ಬಿಸಿನೀರು-ಹಬೆಗೆ ಸಿಕ್ಕು ಐವರು ಕೆಲಸಗಾರರು ಸತ್ತರು. ಹತ್ತು ಮಿಲಿಮೀಟರ್ ಇರಬೇಕಿದ್ದ ಗೋಡೆ ಒಂದೂವರೆ ಮಿಲಿಮೀಟರ್‌ಗೂ ಕಡಿಮೆಯಾಗಿತ್ತು. ಆ ಜಾಗ ತಪಾಸಣೆಯ ಪಟ್ಟಿಯಲ್ಲೇ ಬಿಟ್ಟುಹೋಗಿತ್ತು. ಸ್ಥಾವರ ಶುರುವಾದಾಗಿನಿಂದ ಯಾರೂ ಅದನ್ನು ಅಳೆದಿರಲಿಲ್ಲ. ವಿಕಿರಣ ಸೋರಲಿಲ್ಲ, ಜೀವ ಹೋದದ್ದು ಪಟ್ಟಿಯ ಒಂದು ಸಾಲಿನಿಂದ.

ಕೈಗಾದ ಬಗ್ಗೆ ನಮ್ಮಲ್ಲಿ ಎರಡು ನೆನಪುಗಳಿವೆ. ಒಂದು, ಶಿವರಾಮ ಕಾರಂತರಂಥವರು ಎತ್ತಿದ ವಿರೋಧದ ದನಿ ಮತ್ತು 1994ರ ಮೇ 13ರಂದು ಕಟ್ಟಡ ಹಂತದಲ್ಲೇ ಒಳಗುಮ್ಮಟದ ಕಾಂಕ್ರೀಟ್ ಕಳಚಿ ಬಿದ್ದದ್ದು. ಇನ್ನೊಂದು, ಒಂದನೇ ಘಟಕ 2016ರ ಮೇ ತಿಂಗಳಿಂದ 2018ರ ಡಿಸೆಂಬರ್ 31ರವರೆಗೆ 962 ದಿನ ನಿಲ್ಲದೆ ಓಡಿ ಆಗಿನ ವಿಶ್ವದಾಖಲೆ ಮಾಡಿದ್ದು. ದಾಖಲೆ ಹೆಮ್ಮೆಯದೇ. ಆದರೆ ಆ ಡಿಸೆಂಬರ್ 31 ಕೂಡ ಅಷ್ಟೇ ಮುಖ್ಯವಾದ ದಿನ. ತಪಾಸಣೆಗೆಂದು ನಿಲ್ಲಿಸಿದ ದಿನ ಅದು. ಓಡುವಾಗ ಮುಟ್ಟಲಾಗದ ಕೊಳವೆಗಳನ್ನು ಹತ್ತಿರ ಹೋಗಿ ನೋಡಲು ಆಗುವುದು ನಿಂತಾಗ ಮಾತ್ರ.

ನೋಡುವವರ ಕೆಲಸ

ನೋಡುವುದು ಎಂದೆ, ಅದು ಸುಲಭವಲ್ಲ. ಬಿರುಕು ಇರುವುದು ಕೊಳವೆಯ ಒಳಮೈಯಲ್ಲಿ, ಪರೀಕ್ಷಕ ನಿಲ್ಲುವುದು ಹೊರಗೆ. ಶ್ರವಣಾತೀತ ಶಬ್ದದ ಅಲೆಗಳನ್ನು ಉಕ್ಕಿನೊಳಗೆ ಕಳಿಸಿ ಮರುದನಿ ಕೇಳಬೇಕು, ಬಸುರಿಯರಿಗೆ ಸ್ಕ್ಯಾನ್ ಮಾಡುವ ಹಾಗೆ. ಆದರೆ ಸ್ಟೇನ್‌ಲೆಸ್ ಬೆಸುಗೆಯ ಒರಟು ಕಾಳುಗಳು ಶಬ್ದವನ್ನು ಚದುರಿಸುತ್ತವೆ. ಗದ್ದಲದ ಸಂತೆಯಲ್ಲಿ ಒಬ್ಬರ ಪಿಸುಮಾತು ಕೇಳಿಸಿಕೊಂಡಂತೆ. ಬೆಸುಗೆಯ ಸಹಜ ಅಂಕುಡೊಂಕು ಯಾವುದು, ಬಿರುಕು ಯಾವುದು ಎಂದು ತಿಳಿಯಲು ತರಬೇತಿ ಬೇಕು, ಅನುಭವ ಬೇಕು.

ಮೇಲಾಗಿ ಆ ಜಾಗದಲ್ಲಿ ವಿಕಿರಣ ಇರುತ್ತದೆ. ನಮ್ಮ ದೇಶದ ನಿಯಮದಂತೆ ವಿಕಿರಣದ ನಡುವೆ ಕೆಲಸ ಮಾಡುವ ಒಬ್ಬರಿಗೆ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವುದೇ ಒಂದು ವರ್ಷದಲ್ಲಿ 30 ಮೀರುವಂತಿಲ್ಲ. ಹಾಗಾಗಿ ಒಂದು ಬೆಸುಗೆಯನ್ನು ಪರೀಕ್ಷಿಸಲು ಹಿಡಿಯುವ ಪ್ರತಿ ನಿಮಿಷಕ್ಕೂ ಯಾರದೋ ಮೈಯ ಲೆಕ್ಕವಿದೆ. ಹೆಚ್ಚು ನೋಡಿದಷ್ಟೂ ಸ್ಥಾವರ ಸುರಕ್ಷಿತ, ನೋಡುವವರಿಗೆ ಹೆಚ್ಚು ವಿಕಿರಣ. ಯಂತ್ರದ ಕೈಗಳು, ದೂರದಿಂದ ನಡೆಸುವ ಉಪಕರಣಗಳು ಬಂದದ್ದು ಈ ಇಕ್ಕಟ್ಟಿನಿಂದಲೇ.

ಭಾರತದಲ್ಲಿ ಈ ವಿದ್ಯೆಯನ್ನು ಕಟ್ಟಿ ಬೆಳೆಸಿದವರಲ್ಲಿ ಬಲದೇವ್ ರಾಜ್ ಪ್ರಮುಖರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಡಾಕ್ಟರೇಟ್ ಪಡೆದವರು, ಕಲ್ಪಾಕ್ಕಂನ ಇಂದಿರಾ ಗಾಂಧಿ ಪರಮಾಣು ಸಂಶೋಧನಾ ಕೇಂದ್ರದ ನಿರ್ದೇಶಕರಾಗಿದ್ದವರು. ವಸ್ತುವನ್ನು ಕೆಡಿಸದೆ ಅದರ ಒಳಗನ್ನು ಅರಿಯುವ ಪರೀಕ್ಷೆಯೇ ಅವರ ಕ್ಷೇತ್ರ. ಕೊನೆಗೆ ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ನಿರ್ದೇಶಕರಾಗಿದ್ದರು. 2018ರ ಜನವರಿಯಲ್ಲಿ ಅವರು ತೀರಿಕೊಂಡದ್ದು ನಮ್ಮ ಪುಣೆಯಲ್ಲಿ.

ಪುಣೆಗೂ ಈ ಕತೆಗೂ ಇನ್ನೊಂದು ನಂಟಿದೆ. ಜಿಲ್ಲೆಯ ಇಂದಾಪುರ ತಾಲೂಕಿನ ವಾಲ್ಚಂದ್‌ನಗರದ ಕಾರ್ಖಾನೆ ನಮ್ಮ ರಿಯಾಕ್ಟರುಗಳಿಗೆ ದೊಡ್ಡ ಭಾಗಗಳನ್ನು ಮಾಡಿಕೊಟ್ಟಿದೆ. ಪರಮಾಣು ಸ್ಥಾವರಗಳಿಗೂ ಪಂಪು ಕೊಡುವ ಕಿರ್ಲೋಸ್ಕರ್ ಬ್ರದರ್ಸ್ ಈಗ ಪುಣೆಯದು, ಆದರೆ ಅದರ ಬೇರು ಬೆಳಗಾವಿಯಲ್ಲಿ: ಆ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಬೆಳಗಾವಿಯಲ್ಲಿ ತೆರೆದ ಸೈಕಲ್ ಅಂಗಡಿ. ಭೋಸರಿ, ಚಾಕಣ, ಪಿಂಪರಿಯ ಶೆಡ್ಡುಗಳಲ್ಲಿ ಬೆಸುಗೆ ಹಾಕುವವರಲ್ಲಿ, ತಪಾಸಣೆ ಮಾಡುವವರಲ್ಲಿ ನಮ್ಮ ಕಡೆಯವರು ಕಡಿಮೆಯಿಲ್ಲ. ಯಾವ ಉದ್ಯಮವೇ ಆಗಲಿ, ಬೆಸುಗೆ ಹಾಕಿದ ದಿನ ಬಂದ ಗುಣ ಅಥವಾ ದೋಷ ಆ ವಸ್ತುವಿನ ಜೊತೆ ಕೊನೆಯವರೆಗೂ ಇರುತ್ತದೆ. ತಾರಾಪುರದ್ದು ಐವತ್ತು ವರ್ಷ ಇತ್ತು.

ನಾವು ಕೇಳಬೇಕಾದದ್ದು

2025ರ ಬಜೆಟ್‌ನಲ್ಲಿ ಕೇಂದ್ರ ಸರ್ಕಾರ 2047ರ ಹೊತ್ತಿಗೆ 100 ಗಿಗಾವ್ಯಾಟ್ ಅಣು ವಿದ್ಯುತ್ ಸಾಮರ್ಥ್ಯದ ಗುರಿ ಹೇಳಿತು. ಆಗ ಇದ್ದದ್ದು 9 ಗಿಗಾವ್ಯಾಟ್‌ಗಿಂತ ಕಡಿಮೆ. ಹತ್ತು ಪಟ್ಟಿಗೂ ಹೆಚ್ಚು ರಿಯಾಕ್ಟರು ಎಂದರೆ ಹತ್ತು ಪಟ್ಟಿಗೂ ಹೆಚ್ಚು ಬೆಸುಗೆ, ಅದನ್ನು ನೋಡಬಲ್ಲ ಅಷ್ಟೇ ಹೆಚ್ಚು ಕಣ್ಣು. ರಿಯಾಕ್ಟರು ಕೊಳ್ಳಬಹುದು, ಪಿಸುಮಾತು ಕೇಳಬಲ್ಲ ಪರೀಕ್ಷಕರನ್ನು ತಯಾರು ಮಾಡಲು ವರ್ಷಗಳು ಬೇಕು. ಹೊಸದನ್ನು ಉದ್ಘಾಟಿಸುವಾಗ ಇರುವ ಉತ್ಸಾಹ ಈ ಕೆಲಸಕ್ಕೂ ಹಣಕ್ಕೂ ಉಳಿಯುತ್ತದೆಯೇ ಎಂಬುದೇ ನಿಜವಾದ ಪ್ರಶ್ನೆ.

ಇನ್ನೊಂದು, ನೋಡುವವರ ಮಾತಿಗೆ ಇರುವ ಬಲ. ಬಿರುಕು ಕಂಡಿದೆ, ನಿಲ್ಲಿಸಿ ಎಂದು ಹೇಳುವವರು, ಓಡಿಸಿ ಲಾಭ ತೋರಿಸಬೇಕಾದವರ ಕೈಕೆಳಗೆ ಇರಬಾರದು. ನಮ್ಮ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ 1983ರಲ್ಲಿ ಹುಟ್ಟಿತು. ಅದಕ್ಕೆ ಸಾಕಷ್ಟು ಸ್ವಾತಂತ್ರ್ಯವಿಲ್ಲ ಎಂದು ಮಹಾಲೇಖಪಾಲರ ವರದಿ 2012ರಲ್ಲಿ ಎತ್ತಿ ತೋರಿಸಿತ್ತು. ಖಾಸಗಿಯವರೂ ಈ ರಂಗಕ್ಕೆ ಬರುವ ಮಾತು 2025ರಲ್ಲಿ ನಡೆದಾಗಲೂ ಆ ಟೀಕೆ ಹಳತಾಗಿರಲಿಲ್ಲ.

ಅಣುಶಕ್ತಿಯ ಪರವಿರಲಿ, ವಿರೋಧವಿರಲಿ, ಈ ವಿಷಯದಲ್ಲಿ ಇಬ್ಬರೂ ಒಂದೇ ಕಡೆ ನಿಲ್ಲಬಹುದು. ರಿಯಾಕ್ಟರು ತಪಾಸಣೆಗೆ ನಿಂತಿದೆ ಎಂಬ ಸುದ್ದಿ ಬಂದಾಗ ‘ಮತ್ತೆ ಕೆಟ್ಟಿತಂತೆ’ ಎಂದು ನಗುವುದು ಬೇಡ. ಅದು ವ್ಯವಸ್ಥೆ ಕೆಲಸ ಮಾಡುತ್ತಿರುವ ಲಕ್ಷಣ. ಬದಲಿಗೆ ನಾಲ್ಕು ಪ್ರಶ್ನೆ ಕೇಳೋಣ. ಎಷ್ಟು ಬೆಸುಗೆಗಳನ್ನು ನೋಡಿದರು? ಎಷ್ಟರಲ್ಲಿ ಬಿರುಕು ಸಿಕ್ಕಿತು? ಪಟ್ಟಿಯಲ್ಲಿ ಇಲ್ಲದ ಜಾಗ ಯಾವುದಾದರೂ ಉಳಿದಿದೆಯೇ? ಈ ಉತ್ತರಗಳನ್ನು ನಮಗೂ ತಿಳಿಯುವ ಭಾಷೆಯಲ್ಲಿ ಯಾಕೆ ಪ್ರಕಟಿಸಬಾರದು?